ಅವ್ವ ದುಬಾರಿ ಅಂಗಡಿಗೆ ಯಾಕೆ ಹೋಗುತ್ತಾಳೆ

ಯಾವ ಸಂಗತಿಯಾದರೂ ಸರಿ, ಅದರ ಕಾರಣ ಗೊತ್ತಾಗುವ ತನಕ ನನಗೆ ಉಂಡದ್ದು ಮೈಗೆ ಹತ್ತುವುದಿಲ್ಲ. ಚಳ್ಳಕೆರೆಯ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುತ್ತೇನಲ್ಲ, ಅದಕ್ಕೇ ಹೀಗೆ ಎಂದು ನಾನು ಹೇಳಿಕೊಳ್ಳುತ್ತೇನೆ. ಹುಟ್ಟಿದಾಗಿನಿಂದಲೇ ಹೀಗೆ, ಪಾಪ ವಿಜ್ಞಾನವನ್ನು ಯಾಕೆ ಮಧ್ಯೆ ಎಳೆಯುತ್ತೀಯ ಎಂದು ನನ್ನ ಗಂಡ ಹೇಳುತ್ತಾರೆ. ಹೋದ ಬೇಸಿಗೆ ರಜೆಯಲ್ಲಿ ತವರುಮನೆ ಮೊಳಕಾಲ್ಮೂರಿಗೆ ಹೋದಾಗ ಈ ಚಟಕ್ಕೆ ತಕ್ಕ ಕೆಲಸವೇ ಸಿಕ್ಕಿತು. ನನ್ನ ಅವ್ವ ಹತ್ತಿರದಲ್ಲೇ ಇರುವ ಅಗ್ಗದ ದಿನಸಿ ಅಂಗಡಿಯನ್ನು ಬಿಟ್ಟು, ದೂರದ ದುಬಾರಿ ಅಂಗಡಿಗೆ ದಿನಾ ನಡೆದು ಹೋಗುತ್ತಿದ್ದಳು. ಯಾಕೆ ಎಂದು ಯಾರಿಗೂ ಗೊತ್ತಿರಲಿಲ್ಲ.

ಎರಡೂ ಅಂಗಡಿಯ ಪರಿಚಯ ಮಾಡಿಬಿಡುತ್ತೇನೆ. ನಮ್ಮ ಸಂದಿಯಿಂದ ಹೊರಬಂದು ಎಡಕ್ಕೆ ತಿರುಗಿದರೆ ನೂರು ಹೆಜ್ಜೆಗೆ ಹಳೇ ಅಂಗಡಿ. ಅದರ ಯಜಮಾನರನ್ನು ಎಲ್ಲರೂ ಸಾವ್ಕಾರ್ರು ಎಂದೇ ಕರೆಯುವುದು. ಹಲಗೆ ಬಾಗಿಲು, ಮುಂದೊಂದು ಬೆಂಚು, ಒಳಗೆ ಅರೆಗತ್ತಲು, ಆ ಅರೆಗತ್ತಲಲ್ಲಿ ಬಾಯಿ ಮಡಚಿಟ್ಟ ಚೀಲಗಳು. ಹೆಸರುಕಾಳಿನೊಳಗೆ ಕೈ ಇಳಿಸಿ ನೋಡಬಹುದು, ಶೇಂಗಾ ಎರಡು ಬಾಯಿಗೆ ಹಾಕಿಕೊಳ್ಳಬಹುದು, ಬೆಲ್ಲದ ಚೂರು ಕೇಳಿ ನೆಕ್ಕಬಹುದು. ಬೆಲೆ ಕಡಿಮೆ, ತೂಕವಾದ ಮೇಲೆ ಒಂದು ಹಿಡಿ ಕೊಸರು ಬೇರೆ. ಮಂಡಕ್ಕಿ ಅಳೆಯುವಾಗ ಸಾವ್ಕಾರ್ರು ‘ಒಂದು’ ಎನ್ನುವುದಿಲ್ಲ, ‘ಲಾಭ’ ಎನ್ನುತ್ತಾರೆ, ಆಮೇಲೆ ಎರಡು, ಮೂರು. ಆಂಧ್ರದ ಕಡೆಯವರು ಬಂದರೆ ಲಾಭಂ, ರೆಂಡು, ಮೂಡು. ಚಿಕ್ಕವಳಿದ್ದಾಗ ನಾನು ಎಣಿಕೆ ಲಾಭದಿಂದಲೇ ಶುರುವಾಗುತ್ತದೆ ಎಂದುಕೊಂಡು ಶಾಲೆಯಲ್ಲಿ ಮೇಷ್ಟ್ರ ಹತ್ತಿರ ಏಟು ತಿಂದಿದ್ದೆ.

ಬಲಕ್ಕೆ ತಿರುಗಿ ಬಸ್‌ಸ್ಟ್ಯಾಂಡ್ ಕಡೆ ಹೋದರೆ ಹೊಸ ಅಂಗಡಿ. ಅದಕ್ಕೊಂದು ದೊಡ್ಡ ಹೆಸರಿದೆ, ಅವ್ವನ ಬಾಯಲ್ಲಿ ಮಾತ್ರ ಅದು ಗಾಜಿನಂಗಡಿ. ಗಾಜಿನ ಬಾಗಿಲು ತಳ್ಳಿದರೆ ಎಸಿಯ ತಣ್ಣನೆ ಗಾಳಿ, ಹಗಲಲ್ಲೂ ಉರಿಯುವ ಲೈಟು, ಗಾಲಿ ಬುಟ್ಟಿ, ಸಾಲಾಗಿ ನಿಂತ ಪ್ಯಾಕೆಟ್ಟುಗಳು. ಯಾವುದನ್ನೂ ಮುಟ್ಟಿ ಮೂಸುವ ಹಾಗಿಲ್ಲ. ಕೊಸರಿನ ಮಾತಂತೂ ಇಲ್ಲವೇ ಇಲ್ಲ. ನೋಡಲು ಚೆಂದ, ಜೇಬಿಗೆ ಭಾರ.

ಮನೆಯಲ್ಲಿ ಅವ್ವನ ಜೊತೆ ಇರುವುದು ನನ್ನ ತಮ್ಮ ಮತ್ತು ಅವನ ಹೆಂಡತಿ. ಇಬ್ಬರೂ ಮಗ್ಗದವರು. ಪಡಸಾಲೆಯಲ್ಲಿ ಎರಡು ಮಗ್ಗ ಇವೆ, ರೇಷ್ಮೆ ಸೀರೆ ನೇಯುತ್ತಾರೆ. ಒಂದರ ಮೇಲೆ ಮೊದಲು ಅಪ್ಪ ಕೂರುತ್ತಿದ್ದ. ಅಪ್ಪ ಹೋಗಿ ಎರಡು ವರ್ಷವಾಯಿತು. ಅವನು ಹೋದ ಮೇಲೆ ಅವ್ವ ಒಂದು ವರ್ಷ ಮನೆಯಿಂದ ಹೊರಗೆ ಕಾಲಿಟ್ಟದ್ದೇ ಅಪರೂಪ. ಮದುವೆ, ನಾಮಕರಣ ಬಿಡಿ, ಪಕ್ಕದ ಮನೆಗೆ ಹೆಪ್ಪಿಗೆ ಮಜ್ಜಿಗೆ ಕೇಳಲೂ ಸೊಸೆಯನ್ನೇ ಕಳಿಸುತ್ತಿದ್ದಳು. ಮಾತಿಗೆ ಬರಗಾಲ ಇಲ್ಲದ ಹೆಂಗಸು ಹಾಗೆ ಮೂಲೆ ಹಿಡಿದಿದ್ದಳು. ಆಮೇಲೆ ಗಾಜಿನಂಗಡಿ ತೆರೆಯಿತು. ಒಂದು ಬೆಳಿಗ್ಗೆ ಅವ್ವ ತಾನಾಗಿಯೇ ಬಟ್ಟೆಚೀಲ ಹೆಗಲಿಗೆ ಹಾಕಿಕೊಂಡು ಹೊರಟಳು. ಅಲ್ಲಿಂದ ದಿನಾ ಹೊರಟಳು. ಮುಖಕ್ಕೆ ಕಳೆ ಬಂತು, ಸೊಸೆಯ ಜೊತೆ ಜಗಳವಾಡುವಷ್ಟು ಚೈತನ್ಯವೂ ಬಂತು.

ನಾನು ರಜೆಗೆ ಹೋದ ಎರಡನೇ ದಿನವೇ ತಮ್ಮ ಇದನ್ನು ಪಂಚಾಯ್ತಿಗೆ ತಂದ. ಅವನು ಜಿಪುಣನಲ್ಲ. ಆದರೆ ಮನೆ ಪಕ್ಕದಲ್ಲಿ ಒಳ್ಳೇ ಮಾಲು ಕಡಿಮೆಗೆ ಸಿಗುವಾಗ, ಮಂಡಿ ನೋವಿಟ್ಟುಕೊಂಡು ದೂರ ನಡೆದು ಹೆಚ್ಚು ಕೊಟ್ಟು ತರುವುದು ಅವನ ತಲೆಗೆ ಹೋಗಲಿಲ್ಲ. ಬೆಳ್ಳಗಿರೋದೆಲ್ಲ ಹಾಲಲ್ಲ ಎಂದು ಅವ್ವನಿಗೆ ಗಾದೆ ಹೇಳಿದ್ದನಂತೆ. ಅವ್ವ ಕೇಳಿಸಿಕೊಂಡು ಮಾರನೆಯ ದಿನ ಮತ್ತೆ ಹೋಗಿದ್ದಳು. ಈಗ ಅವನು ತೀರ್ಮಾನ ಮಾಡಿದ್ದ: ಹೋಗುವುದಾದರೆ ಹಳೇ ಅಂಗಡಿಗೆ ಹೋಗಲಿ, ಇಲ್ಲದಿದ್ದರೆ ತಾನೇ ಸಾವ್ಕಾರ್ರಿಗೆ ಫೋನ್ ಮಾಡಿ ತಿಂಗಳ ಸಾಮಾನು ಮನೆಗೇ ತರಿಸಿಬಿಡುತ್ತೇನೆ.

ಅವ್ವ ಚೀಲವನ್ನು ಮಡಚಿ ತೊಡೆಯ ಮೇಲಿಟ್ಟುಕೊಂಡು ಅದರ ಹಿಡಿಕೆ ಸವರುತ್ತಾ ಕೂತಳು. ಚೀಲ ಕೈತಪ್ಪಿದರೆ ಅವ್ವ ಮತ್ತೆ ಮೂಲೆ ಸೇರುತ್ತಾಳೆ ಎಂದು ತಮ್ಮನ ಹೆಂಡತಿ ಅಡುಗೆಮನೆಯಿಂದಲೇ ನನಗೆ ಕಣ್ಣಿನಲ್ಲಿ ಹೇಳಿದಳು. ನನಗೂ ಅದೇ ಭಯ. ಕೊನೆಗೆ ತಮ್ಮ ನನ್ನ ಕಡೆ ತಿರುಗಿದ. “ನೀನು ಓದಿದೋಳು. ಎರಡೂ ಅಂಗಡಿ ನೋಡು. ನೀನು ಏನಂತೀಯೋ ಹಂಗೇ ಆಗ್ಲಿ” ಎಂದ. ಅಲ್ಲಿಗೆ ಅವ್ವನ ಚೀಲ ಅವ್ವನಿಗೇ ಉಳಿಯುತ್ತದೋ ಇಲ್ಲವೋ ಎನ್ನುವುದು ನನ್ನ ತಲೆಗೆ ಬಂತು.

ನಾನು ಚಳ್ಳಕೆರೆಯ ಸೊಸೆ. ಎಣ್ಣೆ ಮಿಲ್ಲಿನ ಊರಿನವರಿಗೆ ಅಗ್ಗದ ಮಾಲು ಹುಡುಕುವುದರಲ್ಲಿ ಸ್ವಲ್ಪ ಗರ್ವ ಇರುತ್ತದೆ. ನನ್ನ ಮನಸ್ಸು ಮೊದಲಿಂದಲೂ ಹಳೇ ಅಂಗಡಿಯ ಕಡೆಗೇ ಇತ್ತು ಎಂದು ಒಪ್ಪಿಕೊಳ್ಳುತ್ತೇನೆ. ಆದರೂ ಪರೀಕ್ಷೆ ಮಾಡದೆ ಫಲಿತಾಂಶ ಹೇಳಬಾರದಲ್ಲ. ಎರಡೂ ಕಡೆಯಿಂದ ಒಂದೇ ಬಗೆಯ ಸಾಮಾನು ತಂದೆ. ತೊಗರಿಬೇಳೆ, ಶೇಂಗಾ, ಬೆಲ್ಲ, ಹುಣಸೆಹಣ್ಣು. ಬೇಳೆಯನ್ನು ಎರಡು ಪಾತ್ರೆಯಲ್ಲಿ ಒಂದೇ ಅಳತೆ ನೀರು ಹಾಕಿ, ಒಂದೇ ಹೊತ್ತಿಗೆ ಒಲೆಗಿಟ್ಟು, ವಾಚ್ ನೋಡುತ್ತಾ ನಿಂತೆ. ತಮ್ಮನ ಹೆಂಡತಿ ಲಾಳಿ ನಿಲ್ಲಿಸಿ ಬಂದು ಬಾಗಿಲಿಗೊರಗಿ ನೋಡಿದಳು. ಬೇಳೆ ಬೇಯಿಸೋಕೂ ವಾಚ್ ಬೇಕಾ ಅಕ್ಕಾ ಎಂದು ನಕ್ಕಳು. ಹಳೇ ಅಂಗಡಿಯ ಬೇಳೆ ಮೊದಲು ಕರಗಿತು. ಶೇಂಗಾ ಹುರಿದಾಗಲೂ ಹಾಗೆಯೇ. ಗಾಜಿನಂಗಡಿಯ ಕಾಳು ನೋಡಲು ದಪ್ಪ, ತಿಂದರೆ ಸಪ್ಪೆ. ಸಾವ್ಕಾರ್ರ ಕಾಳು ತಳಕಿನ ಕಡೆಯ ಹೊಲದ್ದು, ಸಣ್ಣದು, ಎಣ್ಣೆ ಜಾಸ್ತಿ.

ಬೆಲ್ಲದ ಪರೀಕ್ಷೆಗೆ ಅವ್ವನನ್ನೇ ಕೂರಿಸಿದೆ. ಯಾವುದು ಎಲ್ಲಿಯದು ಎಂದು ಹೇಳದೆ ಎರಡು ಚೂರು ಕೊಟ್ಟೆ. ಅವಳು ನಾಲಿಗೆಗೆ ಮುಟ್ಟಿಸಿದ್ದೇ ತಡ, ಎಡಗೈಯ ಚೂರನ್ನು ಎತ್ತಿ ತೋರಿಸಿದಳು.

“ಇದು ಸಾವ್ಕಾರ್ರದ್ದು. ಆ ಇನ್ನೊಂದು ಬರೀ ಬಣ್ಣ” ಎಂದಳು.

ನನಗೆ ತಲೆ ಕೆಟ್ಟಿತು. ಹಳೇ ಅಂಗಡಿಯ ಮಾಲೇ ಒಳ್ಳೆಯದೆಂದು ಅವಳಿಗೆ ನನಗಿಂತ ಚೆನ್ನಾಗಿ ಗೊತ್ತಿದೆ. ಬೆಲೆ ಕಡಿಮೆ ಎನ್ನುವುದೂ ಗೊತ್ತು. ಹಾಗಾದರೆ ಎಸಿಗೆ ಹೋಗುತ್ತಾಳೆಯೇ? ಮೊಳಕಾಲ್ಮೂರಿನ ಬಿಸಿಲಿಗೆ ಯಾರಾದರೂ ಎಸಿಗೆ ಮನಸೋಲಬಹುದು. ಆದರೆ ಅವಳು ಹೋಗುವುದು ಬೆಳಿಗ್ಗೆ, ಬಿಸಿಲು ಏರುವ ಮುಂಚೆ, ಅದೂ ಸೆರಗನ್ನು ಕಿವಿ ಮುಚ್ಚುವ ಹಾಗೆ ಹೊದ್ದುಕೊಂಡು. ಒಳಗೆ ಮೈ ಜುಮ್ಮೆನ್ನುತ್ತದೆ ಎಂದು ಬಯ್ಯುತ್ತಾಳೆ. ಯಾರಾದರೂ ಗೆಳತಿ ಸಿಗುತ್ತಾಳೆಯೇ? ಅಲ್ಲಿ ಅವಳು ಯಾರ ಹತ್ತಿರವೂ ಮಾತೇ ಆಡುವುದಿಲ್ಲವಂತೆ. ಸಾವ್ಕಾರ್ರ ಜೊತೆ ಜಗಳವೇ? ಅದನ್ನು ನೇರವಾಗಿಯೇ ಕೇಳಿದೆ. ಅವರ ಮೇಲೆ ಒಂದು ಕೆಟ್ಟ ಮಾತು ಆಡಿದರೆ ಬಾಯಲ್ಲಿ ಹುಳ ಬೀಳುತ್ತದೆ ಎಂದಳು. ಅಪ್ಪ ತೀರಿಕೊಂಡ ದಿನ ಮೊದಲು ಓಡಿ ಬಂದವರೇ ಅವರಂತೆ, ಬಂದವರಿಗೆಲ್ಲ ಟೀ ಪುಡಿ, ಸಕ್ಕರೆ ಅವರ ಅಂಗಡಿಯಿಂದಲೇ ಬಂತಂತೆ. ಮತ್ತೆ ಯಾಕೆ ಹೋಗುವುದಿಲ್ಲ ಎಂದರೆ ಮಾತು ತಿರುಗಿಸಿ ನನ್ನ ಗಂಡನ ಶುಗರ್ ಎಷ್ಟಿದೆ ಎಂದು ವಿಚಾರಿಸಿದಳು.

ಕೊನೆಗೆ ಬಿಲ್ಲುಗಳೇ ಬಾಯಿಬಿಟ್ಟವು. ಅಪ್ಪನ ಕಾಲದಲ್ಲಿ ರೇಷ್ಮೆ ನೂಲಿನ ಚೀಟಿಗಳನ್ನು ಒಂದು ತಂತಿಗೆ ಚುಚ್ಚಿಡುವ ರೂಢಿ ಇತ್ತು. ಅವ್ವ ಅದೇ ತಂತಿಯಲ್ಲಿ ಗಾಜಿನಂಗಡಿಯ ಬಿಲ್ಲುಗಳನ್ನು ಚುಚ್ಚಿ ಅಡುಗೆಮನೆ ಬಾಗಿಲ ಹಿಂದೆ ತೂಗುಹಾಕಿದ್ದಳು. ಬೆಲೆ ತಾಳೆ ನೋಡೋಣ ಎಂದು ಬಿಚ್ಚಿಕೊಂಡು ಕೂತೆ. ಮೊದಲು ಕಣ್ಣಿಗೆ ಬಿದ್ದದ್ದು ಬೆಲೆಯಲ್ಲ. ಅರ್ಧಕ್ಕಿಂತ ಹೆಚ್ಚು ಬಿಲ್ಲುಗಳಲ್ಲಿ ಇದ್ದದ್ದು ಒಂದೇ ಸಾಮಾನು. ಒಂದು ಬೆಂಕಿಪೊಟ್ಟಣ. ಒಂದು ಉಪ್ಪಿನ ಪ್ಯಾಕೆಟ್. ಒಂದು ಕರ್ಪೂರದ ಪೊಟ್ಟಣ. ನಮ್ಮ ಮನೆಯ ಗೂಡಿನಲ್ಲಿ ಆಗಲೇ ಹನ್ನೊಂದು ಬೆಂಕಿಪೊಟ್ಟಣ ಇದ್ದವು, ಎಣಿಸಿ ಬಂದೆ. ಇಷ್ಟು ನಡೆದು ಒಂದು ಬೆಂಕಿಪೊಟ್ಟಣಕ್ಕೆ ಯಾರಾದರೂ ಹೋಗುತ್ತಾರೆಯೇ ಎಂದು ಬಿಲ್ಲನ್ನು ಹಿಂದೆ ಮುಂದೆ ತಿರುಗಿಸಿ ನೋಡಿದಾಗ ತಲೆಯ ಮೇಲಿನ ಸಾಲು ಕಂಡಿತು. ಬಿಲ್ ನಂಬರ್ ಒಂದು. ಅದರ ಹಿಂದಿನ ದಿನದ್ದೂ ಒಂದು. ಅದರ ಹಿಂದಿನದ್ದೂ. ತಂತಿಯಲ್ಲಿದ್ದ ಬಿಲ್ಲುಗಳಲ್ಲಿ ಎರಡೋ ಮೂರೋ ಬಿಟ್ಟು ಉಳಿದದ್ದೆಲ್ಲ ಒಂದನೇ ನಂಬರಿನವು.

ಮಾರನೆಯ ಬೆಳಿಗ್ಗೆ ಅವ್ವ ಹೊರಟ ಐದು ನಿಮಿಷಕ್ಕೆ ನಾನೂ ಹೊರಟೆ. ಹೆತ್ತವ್ವನ ಹಿಂದೆ ಪೊಲೀಸರ ಹಾಗೆ ಹೋಗಲು ನಾಚಿಕೆಯಾಗಲಿಲ್ಲವೇ ಎಂದರೆ, ಆಯಿತು. ಕುತೂಹಲ ನಾಚಿಕೆಗಿಂತ ದೊಡ್ಡದಿತ್ತು. ಗಾಜಿನಂಗಡಿ ಇನ್ನೂ ತೆರೆದಿರಲಿಲ್ಲ. ಅವ್ವ ಅದರ ಮೆಟ್ಟಿಲ ಮೇಲೆ ಕೂತಿದ್ದಳು. ಶಟರ್ ಎದ್ದಿತು, ಕಸ ಗುಡಿಸಿದರು, ಲೈಟು ಹತ್ತಿತು. ಬಿಲ್ಲು ಹಾಕುವ ಹೆಂಗಸು, ನನ್ನ ವಯಸ್ಸಿನವಳೇ, ಕಂಪ್ಯೂಟರ್ ಮುಂದೆ ಬಂದು ಕೂತಳು. ಅವ್ವ ಒಳಗೆ ಹೋಗಿ ಒಂದು ಅರಿಶಿನದ ಪೊಟ್ಟಣ ತೆಗೆದುಕೊಂಡು ಬಂದು ದುಡ್ಡು ಕೊಟ್ಟಳು. ಆ ಹೆಂಗಸು ಕಣ್ಣೆತ್ತಲಿಲ್ಲ. ಪೊಟ್ಟಣವನ್ನು ಯಂತ್ರದ ಮುಂದೆ ಹಿಡಿದಳು, ಅದು ಕೀ ಎಂದಿತು, ಬಿಲ್ಲು ಹರಿದು ಕೊಟ್ಟಳು. ಅವ್ವ ಅದನ್ನು ಎರಡು ಕೈಯಲ್ಲಿ ಹಿಡಿದು ಓದಿದಳು. ಅವಳಿಗೆ ಅಂಕಿ ಬಿಟ್ಟರೆ ಹೆಚ್ಚು ಓದಲು ಬರುವುದಿಲ್ಲ. ಆಮೇಲೆ ಮಡಚಿ ಚೀಲಕ್ಕೆ ಹಾಕಿಕೊಂಡು, ಬಂದ ದಾರಿಯಲ್ಲೇ ಹೊರಟುಹೋದಳು.

ಅವಳು ಮರೆಯಾದ ಮೇಲೆ ನಾನು ಒಳಗೆ ಹೋಗಿ ಆ ಹೆಂಗಸನ್ನು ವಿಚಾರಿಸಿದೆ. ನಂಬರು ದಿನಾ ಒಂದರಿಂದಲೇ ಶುರುವಾಗುತ್ತದಂತೆ. ಮೊದಲು ಬರುವವರು ಯಾರು ಎಂದು ಕೇಳಿದ್ದಕ್ಕೆ, “ಯಾರಾರೋ ಬರ್ತಾರೆ ಮೇಡಂ, ನಾನು ನೋಡೋದಿಲ್ಲ” ಎಂದಳು. ನಿಜಕ್ಕೂ ಅವಳು ನೋಡಿರಲಿಲ್ಲ.

ಇಷ್ಟು ಕಂಡ ಮೇಲೂ ನನಗೆ ಹೊಳೆಯಲಿಲ್ಲ ಎಂದರೆ ನೀವು ನಗುತ್ತೀರಿ. ಅಂಗಡಿಯವರಿಗೆ ದಿನದ ಮೊದಲ ವ್ಯಾಪಾರ ಎಂದರೆ ಬೋಣಿ. ಬೋಣಿ ಹೇಗೋ ದಿನ ಹಾಗೆ ಎಂದು ನಂಬುತ್ತಾರೆ. ಬೋಣಿಯ ಹೊತ್ತಿನಲ್ಲಿ ಗಿರಾಕಿಯನ್ನು ಬರಿಗೈಯಲ್ಲಿ ಕಳಿಸುವುದಿಲ್ಲ, ಗಿರಾಕಿಯೂ ಚೌಕಾಸಿ ಮಾಡಬಾರದು. ಇದೆಲ್ಲ ನನಗೆ ಗೊತ್ತಿದ್ದದ್ದೇ. ಗೊತ್ತಿದ್ದದ್ದು ಕಣ್ಣಿಗೆ ಬೀಳಲು ನಾನು ಮಾರನೆಯ ದಿನ ಸಾವ್ಕಾರ್ರ ಅಂಗಡಿಗೇ ಬೆಳಿಗ್ಗೆ ಹೋಗಬೇಕಾಯಿತು.

ನಾನು ಹೋದಾಗ ಹಲಗೆ ಆಗಷ್ಟೇ ತೆಗೆದಿದ್ದರು. ತಕ್ಕಡಿಗೆ ಹೂವಿಟ್ಟು ಊದುಬತ್ತಿ ಬೆಳಗುತ್ತಿದ್ದರು. ಬೆಂಚಿನ ಮೇಲೆ ಒಬ್ಬ ಮುದುಕಿ ಕೂತಿದ್ದಳು. ಹಣೆ ಬರಿದು, ಕೈ ಬರಿದು. ಅವಳು ನನಗಿಂತ ಮುಂಚೆ ಬಂದವಳು ಎಂದು ನೋಡಿದರೆ ಗೊತ್ತಾಗುತ್ತಿತ್ತು. ಕೈಯಲ್ಲಿ ನೋಟು ಮಡಚಿ ಹಿಡಿದಿದ್ದಳು. ಸಾವ್ಕಾರ್ರು ಅವಳ ಕಡೆ ನೋಡದೆ ನನ್ನ ಕಡೆ ನೋಡಿ ಮುಖ ಅರಳಿಸಿದರು.

“ಬಾ ಟೀಚರಮ್ಮ, ಬಾ. ಒಳ್ಳೇ ಹೊತ್ತಿಗೆ ಬಂದೆ” ಎಂದರು.

ನಾನು ಬೆಲ್ಲ ಕೇಳಿದೆ. ತೂಗಿದರು, ಕೊಸರು ಹಾಕಿದರು. ನನ್ನ ದುಡ್ಡನ್ನು ತೆಗೆದುಕೊಂಡು ಕಣ್ಣಿಗೊತ್ತಿಕೊಂಡು, ತಕ್ಕಡಿಗೆ ಮುಟ್ಟಿಸಿ, ಆಮೇಲೆ ಗಲ್ಲಾಪೆಟ್ಟಿಗೆಗೆ ಹಾಕಿದರು. ಅದಾದ ಮೇಲೆ ಮುದುಕಿಯ ಕಡೆ ತಿರುಗಿ, ನಿನಗೇನವ್ವಾ ಎಂದು ಬಹಳ ಪ್ರೀತಿಯಿಂದಲೇ ಕೇಳಿದರು. ಅವಳೂ ಬೇಸರವಿಲ್ಲದೆ ಎದ್ದು ಬಂದಳು. ಇಬ್ಬರಿಗೂ ಅದು ಉಸಿರಾಡಿದಷ್ಟು ಸಹಜವಾಗಿತ್ತು. ನನ್ನ ಕೈಯಲ್ಲಿದ್ದ ಬೆಲ್ಲದ ಪೊಟ್ಟಣ ಮಾತ್ರ ಭಾರವಾಯಿತು. ಆ ಬೆಂಚಿನ ಮೇಲೆ ಕೂತಿದ್ದವಳ ಜಾಗದಲ್ಲಿ ನನ್ನ ಅವ್ವನನ್ನು ಕಂಡೆ.

ಮುದುಕಿ ಹೋದ ಮೇಲೆ ನನಗೆ ಸಿಟ್ಟು ನೆತ್ತಿಗೇರಿತು. ನನ್ನವ್ವನನ್ನೂ ಹೀಗೇ ಕೂರಿಸಿದಿರಾ ಎಂದು ಕೇಳಿದೆ. ಧ್ವನಿ ಗಟ್ಟಿಯಾಗಿದ್ದಿರಬೇಕು, ಎದುರು ಮನೆಯಲ್ಲಿ ರಂಗೋಲಿ ಹಾಕುತ್ತಿದ್ದವಳು ತಿರುಗಿ ನೋಡಿದಳು. ಸಾವ್ಕಾರ್ರು ತಕ್ಕಡಿಯ ತಟ್ಟೆ ಒರೆಸಿಟ್ಟರು. ಆಮೇಲೆ ಅವರು ಹೇಳಿದ ಸಂಗತಿ ನನಗೆ ಗೊತ್ತೇ ಇರಲಿಲ್ಲ. ಮದುವೆಯಾಗಿ ಈ ಬೀದಿಗೆ ಬಂದ ಹೊಸದರಲ್ಲಿ ಅವ್ವ ಒಂದು ದಿನ ಬೋಣಿಗೆ ಬಂದಳಂತೆ. ಆ ದಿನ ಸಂಜೆಗೆ ಚೀಲಗಳೆಲ್ಲ ಖಾಲಿ. ಅಲ್ಲಿಂದ ಅವಳ ಕೈಗುಣ ಒಳ್ಳೆಯದೆಂದು ನಲವತ್ತು ವರ್ಷ ಬೋಣಿ ಅವಳದೇ. ಹೊಸ ಮೆಣಸಿನಕಾಯಿ ಬಂದರೆ ಅವಳು ಬರುವ ತನಕ ಚೀಲ ಬಿಚ್ಚುತ್ತಿರಲಿಲ್ಲ. ಅವಳು ತವರಿಗೆ ಹೋದರೆ, ಯಾವತ್ತು ಬರುತ್ತಾಳೆ ಎಂದು ಅಪ್ಪನನ್ನು ಕೇಳುತ್ತಿದ್ದರು.

“ನಿಮ್ಮವ್ವನ್ನ ಕೂತ್ಕ ಅಂತ ನಾನು ಬಾಯಿಬಿಟ್ಟು ಅಂದಿಲ್ಲ ತಾಯಿ” ಎಂದರು. “ನಿಮ್ಮಪ್ಪಾರು ಹೋದ್ಮೇಲೆ ಮೊದಲ್ನೇ ಸಲ ಬಂದ್ರು. ದುಡ್ಡು ಕೈಯಾಗೆ ಐತೆ. ನಾನು ತಗಳ್ಳಬೇಕೋ ಬ್ಯಾಡವೋ ಅಂತ ಒಂದು ಗಳಿಗೆ ತಡೆದೆ. ಅಷ್ಟೇ. ಅವ್ರು ನನ್ನ ಮುಖ ನೋಡಿದ್ರು, ‘ಬೋಣಿ ಆಗ್ಲಿ ಬಿಡ್ರಿ’ ಅಂತ ತಾವೇ ಬೆಂಚಿನ ಮ್ಯಾಲೆ ಕೂತ್ರು. ನಾನು ಬ್ಯಾಡ ಅನ್ಲಿಲ್ಲ. ಅವತ್ತು ಮಂಗಳವಾರ, ಗಿರಾಕೀನೇ ಇಲ್ಲ. ಮುಕ್ಕಾಲು ಗಂಟೆ ನಾವಿಬ್ರೇ ಕೂತಿದ್ವಿ, ಮಾತಿಲ್ಲ ಕತೆಯಿಲ್ಲ. ಆಮ್ಯಾಲೆ ಅವ್ರು ಬರ್ಲೇ ಇಲ್ಲ.”

ನನ್ನ ಸಿಟ್ಟಿಗೆ ನಿಲ್ಲಲು ಜಾಗ ಸಿಗಲಿಲ್ಲ. ಆದರೂ ಬಿಡಲಿಲ್ಲ. ಕೈ ಅದೇ ಕೈ ಅಲ್ಲವೇ ಸಾವ್ಕಾರ್ರೇ, ಗಂಡ ಸತ್ತರೆ ಕೈಯ ಗುಣ ಹೇಗೆ ಬದಲಾಗುತ್ತದೆ, ಯಾವ ಶಾಸ್ತ್ರದಲ್ಲಿದೆ ಎಂದು ಎಂಟನೇ ತರಗತಿಗೆ ಪಾಠ ಮಾಡುವ ಹಾಗೆ ಕೇಳಿದೆ. ಅವರು ತಲೆ ತಗ್ಗಿಸಿದರು. ನಾಳೆ ಬರಲು ಹೇಳಮ್ಮ, ಬೋಣಿ ಅವರದೇ ಎಂದರು. ನಾನು ಗೆದ್ದವಳ ಹಾಗೆ ಮನೆಗೆ ಬಂದೆ.

ಅವ್ವ ಹಿತ್ತಲ ಕಟ್ಟೆಯ ಮೇಲೆ ಕೂತು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದಳು. ನಾನು ಎದುರು ಕೂತು, ಎಲ್ಲ ಗೊತ್ತಾಯಿತು ಎಂದೆ. ಹಿಂದೆ ಹಿಂದೆ ಬಂದದ್ದು, ಬಿಲ್ಲು ನೋಡಿದ್ದು, ಸಾವ್ಕಾರ್ರಿಗೆ ಬಿಸಿ ಮುಟ್ಟಿಸಿದ್ದು, ಎಲ್ಲ ಒಂದೇ ಉಸಿರಿಗೆ ಹೇಳಿದೆ. ನಾಳೆಯಿಂದ ಬೋಣಿ ನಿನ್ನದೇ ಅಂತೆ ಎನ್ನುವುದನ್ನು ಬಹುಮಾನದ ಹಾಗೆ ಕೊನೆಗೆ ಇಟ್ಟುಕೊಂಡಿದ್ದೆ. ಅವ್ವನ ಕೈ ನಿಲ್ಲಲಿಲ್ಲ. ಬೀಜ ಒಂದು ಕಡೆ, ಹಣ್ಣು ಒಂದು ಕಡೆ ಬೀಳುತ್ತಲೇ ಇತ್ತು.

“ಕರೆದು ಮಾಡಿಸ್ಕಳ್ಳೋ ಬೋಣಿ ನಂಗ್ಯಾಕೆ?” ಎಂದಳು. “ಅವ್ರು ದಿನಾ ನನ್ನ ಮುಖ ನೋಡ್ತಾ, ನಾನು ಅವ್ರ ಮುಖ ನೋಡ್ತಾ, ವ್ಯಾಪಾರ ಕೆಟ್ಟ ದಿನ ಇಬ್ರಿಗೂ ಸಂಕ್ಟ. ಗಾಜಿನಂಗಡೀಲಿ ಯಾರೂ ನೋಡೋದಿಲ್ಲ. ಹೋಗ್ತೀನಿ, ಮೊದ್ಲು ತಗಂತೀನಿ, ಬರ್ತೀನಿ. ಅಂಗಡಿ ಏನೂ ಮುಳುಗಿಲ್ಲವಲ್ಲ, ಒಂದು ವರ್ಷ ಆಯ್ತು.”

ಕೊನೆಯ ಮಾತು ಹೇಳುವಾಗ ಅವಳ ಮುಖದಲ್ಲಿ ಸಣ್ಣ ನಗೆ ಇತ್ತು. ಆಗ ನನಗೆ ತಿಳಿಯಿತು. ನಾನು ಬೇಳೆಗೆ ವಾಚ್ ಹಿಡಿದು ಮಾಡಿದ್ದು ಪರೀಕ್ಷೆಯೇ ಅಲ್ಲ. ನಿಜವಾದ ಪರೀಕ್ಷೆ ನಡೆಸುತ್ತಿದ್ದವಳು ಅವ್ವ, ಒಂದು ವರ್ಷದಿಂದ, ದಿನಾ, ಬೆಂಕಿಪೊಟ್ಟಣ ಕೊಂಡು. ತನ್ನ ಕೈಯ ಗುಣ ಹೋಗಿದೆಯೋ ಇಲ್ಲವೋ ಎಂದು ಅವಳಿಗೇ ನೋಡಬೇಕಿತ್ತು. ಅಂಗಡಿಯ ಸಾಲುಗಳಲ್ಲಿ ದಿನದಿಂದ ದಿನಕ್ಕೆ ಮಾಲು ತುಂಬುತ್ತಾ ಹೋದದ್ದನ್ನು ಅವಳು ದಿನಾ ಬೆಳಿಗ್ಗೆ ಒಳಗೆ ಹೋಗಿ ಕಂಡಿದ್ದಳು.

ನನಗೆ ಅಳು ಬಂತು. ಅಳು ಬಂದಾಗ ನಾನು ಬೈಯುವವಳು. ಸಾವ್ಕಾರ್ರಂಥ ಜನ ಇರುವ ತನಕ ಈ ದೇಶ ಉದ್ಧಾರವಾಗುವುದಿಲ್ಲ ಎಂದು ಶುರುಮಾಡಿದೆ. ಅವ್ವ ಕೈ ನಿಲ್ಲಿಸಿದ್ದು ಆಗಲೇ.

“ಅವ್ರಿಗೆ ಯಾಕೆ ಬೈತೀಯ? ನಿನ್ನ ಮಗಳು ಪರೀಕ್ಷೆಗೆ ಹೊರಟ ದಿನ ಕರಿಬೇವು ಕಿತ್ಕಂಡು ಬಾ ಅಂತ ನೀನು ನನ್ನ ಹಿತ್ಲಿಗೆ ಕಳಿಸ್ಲಿಲ್ಲವಾ?” ಎಂದಳು. ಮತ್ತೆ ಹುಣಸೆಹಣ್ಣು ಕೈಗೆತ್ತಿಕೊಂಡು, “ಕರಿಬೇವು ಒಲೆ ಪಕ್ಕದಾಗೇ ಇತ್ತು ಕಣೇ” ಎಂದಳು.

ಆ ದಿನ ನನಗೆ ನೆನಪಿದೆ. ಮಗಳ ಪಿಯುಸಿ ಪರೀಕ್ಷೆಯ ಹೊತ್ತಿಗೆ ಅಡುಗೆಗೆ ಆಸರೆಯಾಗಲಿ ಎಂದು ಅವ್ವನನ್ನು ನನ್ನ ತಮ್ಮ ತನ್ನ ಗಾಡಿಯಲ್ಲೇ ಚಳ್ಳಕೆರೆಗೆ ತಂದು ಬಿಟ್ಟಿದ್ದ. ಅಪ್ಪ ಹೋಗಿ ಕೆಲವು ತಿಂಗಳಾಗಿತ್ತು. ಮೊದಲ ದಿನ ಮಗಳು ಹಾಲ್ ಟಿಕೆಟ್ ಹಿಡಿದು ದೇವರಿಗೆ ಕೈ ಮುಗಿಯುತ್ತಿದ್ದಳು. ಪಕ್ಕದ ಮನೆಯಾಕೆಗೆ ತುಂಬಿದ ಕೊಡ ಹಿಡಿದು ಎದುರು ಬಾ ಎಂದು ಹಿಂದಿನ ದಿನವೇ ಹೇಳಿಟ್ಟಿದ್ದೆ. ಅವ್ವ ಮೊಮ್ಮಗಳಿಗೆ ಮೊಸರು ಸಕ್ಕರೆ ಹಿಡಿದು ಬಾಗಿಲ ಕಡೆ ಬರುತ್ತಿದ್ದಳು. ನಾನು ಬಟ್ಟಲನ್ನು ಅವಳ ಕೈಯಿಂದ ಇಸಿದುಕೊಂಡು ಹಿತ್ತಲಿಗೆ ಕಳಿಸಿದೆ. ಯೋಚನೆ ಮಾಡದೆ ಮಾಡಿದ್ದು ಎಂದು ಬರೆದರೆ ಸುಳ್ಳಾಗುತ್ತದೆ. ಯೋಚಿಸಿಯೇ ಮಾಡಿದ್ದೆ. ಮಗಳ ಪರೀಕ್ಷೆ, ಸುಮ್ಮನೆ ಯಾಕೆ ರಿಸ್ಕು ಎಂದುಕೊಂಡಿದ್ದೆ. ಆ ಪರೀಕ್ಷೆಯ ಮೊದಲ ಪತ್ರಿಕೆ ಜೀವಶಾಸ್ತ್ರ. ಹೇಳೋದು ಶಾಸ್ತ್ರ, ಇಕ್ಕೋದು ಗಾಳ ಎಂದು ಗಾದೆ ಮಾಡಿದವರು ನನ್ನಂಥವರನ್ನು ನೋಡಿಯೇ ಮಾಡಿದ್ದಾರೆ. ಸಾವ್ಕಾರ್ರು ಒಂದು ಗಳಿಗೆ ತಡೆದಿದ್ದರು, ಅಷ್ಟೇ. ನಾನು ಅಷ್ಟೂ ತಡೆದಿರಲಿಲ್ಲ.

ಅವ್ವನ ಮುಂದಿದ್ದ ಹುಣಸೆಹಣ್ಣಿಗೆ ಕೈ ಹಾಕಿದೆ. ಇಬ್ಬರೂ ಬೀಜ ಬಿಡಿಸಿದೆವು. ತಪ್ಪಾಯಿತು ಎಂದು ಕೊನೆಗೆ ಹೇಳಿದೆ. ಕಲ್ಲಿದ್ದಾವೆ, ನೋಡಿ ಬಿಡಿಸು ಎಂದಳು ಅವ್ವ.

ಮಧ್ಯಾಹ್ನ ತಮ್ಮನಿಗೆ ನನ್ನ ತೀರ್ಪು ಹೇಳಿದೆ. ಚೀಲ ಅವ್ವನ ಹತ್ತಿರವೇ ಇರಲಿ, ಯಾವ ಅಂಗಡಿ ಎಂದು ಕೇಳಬೇಡ, ಬೆಲ್ಲ ಶೇಂಗಾ ಬೇಕಾದರೆ ನೀನೇ ಸಾವ್ಕಾರ್ರ ಹತ್ತಿರ ತಂದುಕೋ. ಅಷ್ಟು ಬೆಲೆ ಹೆಚ್ಚಿರುವ ಅಂಗಡಿಯನ್ನು ಯಾವ ಆಧಾರದ ಮೇಲೆ ಒಪ್ಪಿದೆ ಎಂದು ಕೇಳಿದ. ಹೇಳಿದೆ, ಬೆಂಚಿನದ್ದೂ ಕರಿಬೇವಿನದ್ದೂ. ಅವನು ಕೈಯಲ್ಲಿದ್ದ ಲಾಳಿ ಕೆಳಗಿಟ್ಟ. ಮಗ್ಗಕ್ಕೆ ಹೊಸ ಹಾಸಿನ ನೂಲು ಹೂಡುವ ದಿನ ಪೂಜೆಗೆ ಅವ್ವ ಯಾಕೆ ಪಡಸಾಲೆಗೆ ಬರುವುದಿಲ್ಲ ಎನ್ನುವುದು ಅವನಿಗೂ ಹೊಳೆದಿರಬೇಕು. ಅಂದಿನಿಂದ ಅಂಗಡಿಯ ಮಾತು ಎತ್ತಲಿಲ್ಲ.

ರಜೆ ಮುಗಿದು ನಾನು ಚಳ್ಳಕೆರೆಗೆ ಹೊರಟದ್ದು ಬೆಳಗಿನ ಬಸ್ಸಿಗೆ. ತಮ್ಮನ ಹೆಂಡತಿ ಕುಂಕುಮ ಕೊಟ್ಟಳು. ಅವ್ವ ಕಾಣಲಿಲ್ಲ. ಎರಡು ವರ್ಷದಿಂದ ನಾನು ಹೊರಡುವಾಗೆಲ್ಲ ಅವಳು ಹಿತ್ತಲಲ್ಲೇ ಏನಾದರೂ ಕೆಲಸ ಹಚ್ಚಿಕೊಂಡಿರುತ್ತಿದ್ದಳು. ನಾನು ಅಲ್ಲಿಗೇ ಹೋಗಿ ಬರ್ತೀನವ್ವ ಎಂದು ಹೇಳಿ, ಮುಂಬಾಗಿಲಿಂದ ಹೊರಡುತ್ತಿದ್ದೆ. ಎಲ್ಲಕ್ಕೂ ಕಾರಣ ಹುಡುಕುವ ನಾನು ಇದಕ್ಕೆ ಮಾತ್ರ ಒಮ್ಮೆಯೂ ಯಾಕೆ ಎಂದು ಕೇಳಿರಲಿಲ್ಲ. ಈ ಸಲ ಹೊಸ್ತಿಲ ಹತ್ತಿರವೇ ನಿಂತು ಕೂಗಿದೆ. ಮುಂದಕ್ಕೆ ಬಾ, ನೀನು ಎದುರು ಬಂದ ಮೇಲೇ ನಾನು ಹೊರಡುವುದು ಎಂದೆ.

ಅವ್ವ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಬಂದಳು. ಹೆಗಲಿಗೆ ಚೀಲ ಇತ್ತು.

“ನಿನ್ನ ಎದುರು ನಿಂತ್ಕಳ್ಳೋಕೆ ನಂಗೆ ಹೊತ್ತಿಲ್ಲ. ಅಲ್ಲಿ ಶಟರ್ ಎತ್ತೋ ಟೈಮಾಯ್ತು” ಎಂದು, ನನ್ನನ್ನು ಪಕ್ಕಕ್ಕೆ ಸರಿಸಿ, ನನಗಿಂತ ಮುಂಚೆ ಹೊಸ್ತಿಲು ದಾಟಿದಳು.

ಬಸ್‌ಸ್ಟ್ಯಾಂಡಿಗೂ ಅದೇ ದಾರಿ. ಅವಳು ಮುಂದೆ, ಬ್ಯಾಗು ಹೊತ್ತುಕೊಂಡು ನಾನು ಹಿಂದೆ. ಮಂಡಿ ನೋವಿನ ಕಾಲು, ನಡಿಗೆ ನಿಧಾನ. ನಾನು ದಾಟಿ ಹೋಗಬಹುದಿತ್ತು. ಹೋಗಲಿಲ್ಲ. ಅವಳು ಗಾಜಿನಂಗಡಿಯ ಮೆಟ್ಟಿಲು ಹತ್ತುವ ತನಕ ಅವಳ ಹಿಂದೆಯೇ ನಡೆದೆ. ನಾನು ಬಸ್‌ಸ್ಟ್ಯಾಂಡ್ ಮುಟ್ಟುವಷ್ಟರಲ್ಲಿ ಬಸ್ಸು ಹೋಗಿಬಿಟ್ಟಿತ್ತು. ಅವ್ವನನ್ನು ಮುಂದೆ ಮಾಡಿಕೊಂಡು ಹೊರಟ ಮೊದಲ ದಿನವೇ ನನಗೆ ಬಸ್ಸು ತಪ್ಪಿತು. ಅದರ ಕಾರಣ ನನಗೆ ಸರಿಯಾಗಿ ಗೊತ್ತಿದೆ, ನಾನೇ ನಿಧಾನ ನಡೆದಿದ್ದೆ. ಆದರೂ ಈ ಸಂಗತಿಯನ್ನು ಇಲ್ಲಿ ಬರೆಯುವ ತನಕ ಯಾರಿಗೂ ಹೇಳಿರಲಿಲ್ಲ.